ಗಿಡ ಅಂದರೆ ಎಷ್ಟು ದೊಡ್ಡದು

ತಪ್ಪು ನನ್ನದು. ವಾದ ಶುರುವಾಗುವ ಮೊದಲೇ ಎದುರಿನವರಿಗೆ ಒಂದು ಅಂಕ ಬಿಟ್ಟುಕೊಟ್ಟಂತೆ ನಟಿಸುವುದು ಚರ್ಚಾಸ್ಪರ್ಧೆಯ ಹಳೆಯ ಪಟ್ಟು. ಇದು ಪಟ್ಟಲ್ಲ, ನಿಜ. ಬಾಲಾನಗರದ ನಮ್ಮ ಮನೆ ಕೆಡವಿ ಅಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಲು ಬಿಲ್ಡರ್ ಜೊತೆ ಮಾಡಿಕೊಂಡ ಕರಾರಿನಲ್ಲಿ ಹನ್ನೊಂದನೆಯ ಕಲಮು ಬರೆದವಳು ನಾನು. ಅದರಲ್ಲಿ ಒಂದೇ ಒಂದು ಶಬ್ದ ತಪ್ಪಿತ್ತು. ಆ ಒಂದು ಶಬ್ದದಿಂದಾಗಿ, ನನ್ನ ಅಜ್ಜಿ ಬೀಜ ಹಾಕಿ ಬೆಳೆಸಿದ, ನಲವತ್ತೈದು ವರ್ಷ ದಾಟಿದ ಹುಣಸೆಗೆ ಗರಗಸ ಬೀಳುವುದರಲ್ಲಿತ್ತು.

ಅಜ್ಜಿಯನ್ನು ನಾವು ಆಯಿ ಅನ್ನುತ್ತೇವೆ. ಆಯಿ ಲಿಂಗಸೂಗೂರಿನ ಕಡೆಯವಳು. ಅಜ್ಜನಿಗೆ ಬಾಲಾನಗರದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಾಗ ಅವನ ಹಿಂದೆ ಬಂದಳು. ಬರುವಾಗ ತವರಿನ ಹುಣಸೆಹಣ್ಣಿನ ಒಂದು ಗಡಿಗೆ ತಂದಿದ್ದಳು. ಇಲ್ಲಿಯ ಅಂಗಡಿಯ ಹುಣಸೆ ಬಾಯಿಗಿಟ್ಟು ನೋಡಿ, 'ಇದು ಹುಳಿ ಅಲ್ಲ, ಬರೇ ಸಿಟ್ಟು' ಅಂದಳಂತೆ. ಗಡಿಗೆ ಖಾಲಿಯಾಗುತ್ತ ಬಂದಾಗ ಅದರ ತಳದಲ್ಲಿ ಉಳಿದ ಬೀಜ ನಾಲ್ಕು ಆರಿಸಿ, ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಹಿತ್ತಲಿನ ಮೂಲೆಯಲ್ಲಿ ಊರಿದಳು. ಮೂರು ಎದ್ದವು. ಎರಡನ್ನು ಆಡು ತಿಂದವು. ಉಳಿದ ಒಂದಕ್ಕೆ ಸುತ್ತ ಇಟ್ಟಿಗೆ ಪೇರಿಸಿ, ಮೊದಲ ಮೂರು ಬೇಸಿಗೆ ಪಾತ್ರೆ ತೊಳೆದ ನೀರು ಹೊಯ್ದಳು. ನಾಲ್ಕನೆಯ ಬೇಸಿಗೆಗೆ ನೀರು ನಿಲ್ಲಿಸಿದಳು. ಯಾಕೆ ಅಂತ ನಾನು ಕೇಳಿದ್ದುಂಟು.

'ಮ್ಯಾಲ ನೀರ ಸಿಕ್ರ ಬೇರು ಸೋಮಾರಿ ಆಗ್ತಾವ. ಕೆಳಗ ಹುಡಿಕ್ಕೊಂಡ ಹೋಗ್ಲಿ' ಅಂದಳು.

ಮನೆಯ ಕಾಂಪೌಂಡಿನೊಳಗೆ ಹುಣಸೆ ಹಚ್ಚಬಾರದು ಅಂತ ಓಣಿಯವರೆಲ್ಲ ಹೇಳಿದರಂತೆ. ತೆಲುಗಿನವರು ಹೇಳಿದರು, ದಖ್ಖನಿ ಮಾತಾಡುವ ಪಕ್ಕದ ಮನೆಯ ಖಾಲಾ ಹೇಳಿದಳು, ನಮ್ಮ ಕಡೆಯ ಜನ ಪತ್ರ ಬರೆದು ಹೇಳಿದರು. ಆ ಮೂವರೂ ಒಂದೇ ಮಾತು ಒಪ್ಪಿದ್ದನ್ನು ನಾನು ನನ್ನ ಜೀವನದಲ್ಲಿ ಬೇರೆಲ್ಲೂ ಕಂಡಿಲ್ಲ. ಹುಣಸೆಯಲ್ಲಿ ದೆವ್ವ ಇರುತ್ತದೆ, ಅದರ ಕೆಳಗೆ ಮಲಗಿದವರು ಎದ್ದಾಗ ಮೈಯಲ್ಲಿ ಬಲ ಇರುವುದಿಲ್ಲ, ಅದರ ನೆರಳಿನಲ್ಲಿ ಮನೆ ಏಳಿಗೆಯಾಗುವುದಿಲ್ಲ. ಆಯಿ ಎಲ್ಲರಿಗೂ ಹೂಂ ಹೂಂ ಅಂದಳು. ಗಿಡ ಮಾತ್ರ ಬೆಳೆಯುತ್ತ ಹೋಯಿತು. ಕಾಯಿ ಬಿಡಲು ಹತ್ತು ವರ್ಷದ ಮೇಲೆ ತೆಗೆದುಕೊಂಡಿತು. ಅಷ್ಟು ದಿನ ಒಂದು ಕಾಯಿಗಾಗಿ ಕಾಯುವುದಕ್ಕೆ ತಾಳ್ಮೆ ಅನ್ನಬೇಕೋ ಹಟ ಅನ್ನಬೇಕೋ? ನಾನಾದರೆ ಹಟ ಅನ್ನುತ್ತೇನೆ. ಆಯಿಯನ್ನು ನೀವು ನೋಡಿಲ್ಲ.

ನಾನು ಹುಟ್ಟುವ ಹೊತ್ತಿಗೆ ಅದು ಮನೆಯ ಮಾಳಿಗೆಗಿಂತ ಎತ್ತರವಿತ್ತು. ವರ್ಷದ ಯಾವ ದಿನ ನೋಡಿದರೂ ಹಸಿರು. ಹಳೆಯ ಎಲೆ ಉದುರುವುದೂ ಹೊಸದು ಬರುವುದೂ ಒಟ್ಟಿಗೇ ನಡೆಯುವುದರಿಂದ ಬೋಳಾದ ಹುಣಸೆಯನ್ನು ನಾನು ನೋಡಿದ್ದೇ ಇಲ್ಲ. ನಮ್ಮ ಅಡಿಗೆಮನೆಯ ವರ್ಷ ಅದರ ಮೇಲೆ ನಡೆಯುತ್ತಿತ್ತು. ಬೇಸಿಗೆಯ ಮೊದಲಿಗೆ ಕೆಂಪು ಚಿಗುರು. ಆಯಿ ಅದನ್ನು ತೊಗರಿಬೇಳೆಗೆ ಹಾಕುತ್ತಿದ್ದಳು, ಖಾಲಾ ಮಾಂಸಕ್ಕೆ. ಹಸಿರು ಕಾಯಿ ಬಂದರೆ ತೊಕ್ಕು: ಉಪ್ಪು ಅರಿಷಿಣ ಹಾಕಿ ಒರಳಲ್ಲಿ ಜಜ್ಜಿ, ಎರಡು ದಿನ ಬಿಟ್ಟು, ನಾರು ಬೀಜ ತೆಗೆದು, ಮೆಂತೆ ಇಂಗು ಹಸಿಮೆಣಸಿನಕಾಯಿ ಸೇರಿಸಿ ಮತ್ತೆ ಕುಟ್ಟುವುದು. ಹಣ್ಣಾದ ಮೇಲೆ ಆಯಿ ಒಂದೊಂದೇ ಕಾಯನ್ನು ಬೆರಳಿಂದ ತಟ್ಟಿ ಕೇಳುತ್ತಿದ್ದಳು. ಸಿಪ್ಪೆ ತಿರುಳಿನಿಂದ ಬಿಟ್ಟಿದ್ದರೆ ಟೊಳ್ಳು ಸಪ್ಪಳ ಬರುತ್ತದೆ, ಆಗ ಕೊಂಬೆ ಅಲುಗಿಸಬೇಕು. ಕೋಲಿನಿಂದ ಬಡಿಯುವವರನ್ನು ಕಂಡರೆ ಆಯಿಗೆ ಆಗದು. 'ಬರೂ ವರ್ಷದ ಹೂವಿನ ಜಾಗಾನ ಬಡದ ಹಾಕ್ತಾರ' ಅನ್ನುವಳು. ಬೀಜವನ್ನು ಕಂಬಳಿ ನೇಯುವವರು ಒಯ್ಯುತ್ತಿದ್ದರು, ಅರೆದು ಗಂಜಿ ಮಾಡಿ ನೂಲಿಗೆ ಹಚ್ಚಲು. ಮುರಿದ ಕೊಂಬೆಯಿಂದ ಅಜ್ಜ ಮಾಡಿಸಿದ ಒನಕೆ ಇನ್ನೂ ಗಟ್ಟಿಯಾಗಿದೆ. ಹಳೆಯ ಕಪ್ಪು ಹುಣಸೆ ಔಷಧಿಗೆ, ಹೊಸದು ಸಾರಿಗೆ, ಸೋಸಿ ಉಳಿದ ನಾರು ಹಿತ್ತಾಳೆ ಪಾತ್ರೆಗೆ. ಹಿತ್ತಾಳೆ ಪಾತ್ರೆಯ ಜೊತೆಗೆ ನನ್ನ ಕಪ್ಪುಗಳಿಗೆ.

ಕಪ್ಪುಗಳ ಬಗ್ಗೆ ಹೇಳಬೇಕು. ಶಾಲೆಯ ಎಂಟನೆಯ ತರಗತಿಯಿಂದ ಕಾಲೇಜಿನ ಕೊನೆಯ ವರ್ಷದ ತನಕ ನಾನು ಚರ್ಚಾಸ್ಪರ್ಧೆಯಲ್ಲಿ ಹದಿನಾಲ್ಕು ಕಪ್ಪು ಗೆದ್ದಿದ್ದೆ. ಅವುಗಳಲ್ಲಿ ಒಂಬತ್ತು ಹಿತ್ತಾಳೆಯವು. ಆಯಿ ಅವನ್ನು ದೀಪಾವಳಿಗೊಮ್ಮೆ ಹುಣಸೆ ತಿಕ್ಕಿ ತೊಳೆದು ಸಾಲಾಗಿ ಬಿಸಿಲಿಗಿಡುತ್ತಿದ್ದಳು. ವಿಷಯ ಯಾವುದೇ ಕೊಡಿ, ಪರವೋ ವಿರೋಧವೋ ಚೀಟಿ ಎತ್ತಿ ಹೇಳಿ, ಐದು ನಿಮಿಷ ಸಾಕು. ಮನೆಯಲ್ಲೂ ಅದೇ ಚಟ. ಹತ್ತು ವರ್ಷದವಳಿದ್ದಾಗ ಒಂದು ರಜೆಯ ಮಧ್ಯಾಹ್ನ ಹುಣಸೆಯ ಕೆಳಗೆ ಚಾಪೆ ಹಾಸಿ ಎರಡು ತಾಸು ಮಲಗಿ ಎದ್ದು, ಅಡಿಗೆಮನೆಗೆ ಬಂದು, ದೆವ್ವ ಇಲ್ಲ ಅಂತ ಘೋಷಿಸಿದೆ.

'ಮಧ್ಯಾಹ್ನ ದೆವ್ವಕ್ಕ ರಜಾ ಇರ್ತೈತಿ' ಅಂದಳು ಆಯಿ, ಬೇಳೆ ಆರಿಸುತ್ತ.

'ಹಂಗಂದ್ರ ನೀ ನಂಬ್ತೀಯೇನು?'

'ನಾ ಯಾಕ ನಂಬ್ಲಿ? ಹೇಳ್ದಾಕೀನ ನಾನು.'

ಆಮೇಲೆ ಗೊತ್ತಾಯಿತು. ಜನ ಹುಣಸೆಯಲ್ಲಿ ದೆವ್ವ ಇರುತ್ತದೆ ಅಂತ ಬರೀ ಸಾಮಾನ್ಯವಾಗಿ ಹೇಳಿದ್ದರು. ಆಯಿ ಅದಕ್ಕೆ ಆಕಾರ ಕೊಟ್ಟಿದ್ದಳು. ಮೂರನೆಯ ಟೊಂಗೆಯ ಮೇಲೆ ಕೂದಲು ಬಿಚ್ಚಿದ ಹೆಂಗಸು ಕೂಡುತ್ತಾಳೆ, ಕಾಯಿ ಕದ್ದವರ ಹೆಸರು ಹಿಡಿದು ಕೂಗುತ್ತಾಳೆ, ಅದಕ್ಕೆ ಓಗೊಟ್ಟರೆ ಮುಗಿಯಿತು ಅಂತ. ಓಣಿಯ ಹುಡುಗರಿಗೆ ತೆಲುಗಿನಲ್ಲಿ, ಖಾಲಾಳ ಮಕ್ಕಳಿಗೆ ದಖ್ಖನಿಯಲ್ಲಿ, ಸ್ವಂತ ಮಗನಾದ ನಮ್ಮ ಅಪ್ಪನಿಗೆ ಕನ್ನಡದಲ್ಲಿ.

'ಇದು ಮೋಸ ಆಯಿ' ಅಂದೆ.

'ದೆವ್ವ ಇರ್ಲಿ ಬಿಡವಾ. ಕಾಯಿ ಕಾಯ್ತೈತಿ.'

ಇದು ನಡೆದು ಎಷ್ಟೋ ವರ್ಷಗಳ ಮೇಲೆ, ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಎದ್ದವು. ನನ್ನ ಜೊತೆ ಓದಿದವರೆಲ್ಲ ಅದರೊಳಗೆ ಹೋದರು, ನಾನೂ ಹೋದೆ. ನನ್ನದು ಕೋಡ್ ಬರೆಯುವ ಕೆಲಸವಲ್ಲ. ಬೇರೆಯವರು ಬರೆದ ತಂತ್ರಾಂಶವನ್ನು ಹೇಗೆ ಬಳಸಬೇಕು ಅಂತ ಇಂಗ್ಲಿಷಿನಲ್ಲಿ ಕೈಪಿಡಿ ಬರೆಯುವ ಕೆಲಸ. ಅಲ್ಲಿ ಎರಡು ನಿಯಮ ಕಲಿಸಿದರು. ಒಂದು ವಸ್ತುವಿಗೆ ಒಂದೇ ಶಬ್ದ. ಒಂದು ಪಟ್ಟಿಯ ಸಾಲುಗಳೆಲ್ಲ ಒಂದೇ ಅಚ್ಚಿನಲ್ಲಿರಬೇಕು, ಮೊದಲ ಸಾಲು ಹೇಗೆ ಶುರುವಾಗುತ್ತದೋ ಕೊನೆಯದೂ ಹಾಗೇ ಶುರುವಾಗಬೇಕು. ಈ ಎರಡೂ ನಿಯಮಗಳು ಮುಂದೆ ಕಥೆಯಲ್ಲಿ ಬರುತ್ತವೆ.

ಹೊಸ ಕೆಲಸದ ಜನಕ್ಕೆ ಮನೆ ಬೇಕಾದವು. ಬಾಲಾನಗರಕ್ಕೂ ಬಿಲ್ಡರುಗಳು ಬಂದರು. ಅಜ್ಜ ಆಗ ತೀರಿಹೋಗಿದ್ದ. ಮಾಳಿಗೆ ಮಳೆಗಾಲದಲ್ಲಿ ನಾಲ್ಕು ಕಡೆ ಸೋರುತ್ತಿತ್ತು. ಜಾಗ ನಮ್ಮದು, ಕಟ್ಟುವುದು ಬಿಲ್ಡರ್, ಎಂಟು ಫ್ಲಾಟಿನಲ್ಲಿ ನಾಲ್ಕು ನಮಗೆ ಅನ್ನುವ ಮಾತಾಯಿತು. ಬೇಗಂಪೇಟೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಆಗಲೇ ರೋಡಿನ ಕಡೆಯ ನಾಲ್ಕನ್ನು ನಮಗೆ ಅಂತ ಗುರುತು ಹಾಕಿಸಿದ್ದರು. ಪೂರ್ವದ ಬಾಗಿಲು, ಗಾಳಿ, ಬಾಡಿಗೆಗೆ ಬೇಡಿಕೆ. ನಾನು ಮೂರನೆಯ ಮಹಡಿಯ ಮೂಲೆಯ ಕೋಣೆ ನನಗೆ ಅಂತ ಹೇಳಿಟ್ಟಿದ್ದೆ. ಆಯಿಯನ್ನು ಕೇಳಿದರೆ, ಕರಡು ತಂದಿದ್ದ ಬಿಲ್ಡರ್ ಎದುರಿಗೇ ಒಂದೇ ಮಾತು ಹೇಳಿದಳು.

'ನನ್ನ ಗಿಡ ಇರಬೇಕು. ಬರಸ್ಕೋರಿ ಅದನ್ನ.'

ಅಪ್ಪ ನನ್ನ ಕಡೆ ನೋಡಿದರು. ಇಂಗ್ಲಿಷ್ ನನ್ನ ಇಲಾಖೆ. ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ಕ್ಯಾಬ್ ಹುಡುಗ ಹಾರ್ನ್ ಹೊಡೆಯುತ್ತಿದ್ದ. ಕರಡಿನ ಹತ್ತೂ ಕಲಮುಗಳು 'ಈ ಕರಾರಿಗೆ ಸಹಿ ಬಿದ್ದ ದಿನದಿಂದ' ಅಂತ ಶುರುವಾಗುತ್ತಿದ್ದವು, ಅದೇ ಅಚ್ಚಿನಲ್ಲಿ ಹನ್ನೊಂದನೆಯದನ್ನೂ ಗೀಚಿದೆ. ಕನ್ನಡದಲ್ಲಿ ಹೇಳುವುದಾದರೆ: ಸಹಿ ಬಿದ್ದ ದಿನದಿಂದ ಆವರಣದಲ್ಲಿ ಹುಣಸೆಯ ಒಂದು ಗಿಡವನ್ನು ಸದಾ ಕಾಪಾಡಿಕೊಂಡು ಬರತಕ್ಕದ್ದು. ಗಿಡಕ್ಕೆ ನಾನು ಬರೆದ ಶಬ್ದ 'ಪ್ಲಾಂಟ್.'

ಯಾಕೆ ಪ್ಲಾಂಟ್? ನಮ್ಮ ಮನೆಯ ಕನ್ನಡದಲ್ಲಿ ತುಳಸಿಯೂ ಗಿಡ, ಕರಿಬೇವೂ ಗಿಡ, ಮುಗಿಲಿಗೆ ಮುಟ್ಟಿದ ಹುಣಸೆಯೂ ಗಿಡ. ಒಂದು ಶಬ್ದಕ್ಕೆ ಒಂದು ಶಬ್ದ ಇಟ್ಟೆ. ಹೈದರಾಬಾದಿನಲ್ಲೇ ಹುಟ್ಟಿ, ಶಾಲೆಯಲ್ಲಿ ಕನ್ನಡ ಕಲಿಯದೆ ಆಯಿಯ ಬಾಯಿಂದಲೇ ಕಲಿತವಳಿಗೆ ಅದು ತಪ್ಪು ಅಂತ ಅನ್ನಿಸಲೇ ಇಲ್ಲ. ಸಹಿ ಆಯಿತು.

ನಾವು ಎರಡು ಓಣಿ ಆಚೆ ಬಾಡಿಗೆ ಮನೆಗೆ ಹೋದೆವು. ಮನೆ ಕೆಡವಿದರು. ಚಿಗುರಿನ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ಆಯಿ ಬಟ್ಟೆಯ ಚೀಲ ಹಿಡಿದು, 'ನಡಿ, ಚಿಗುರು ತರೂಣು' ಅಂದಳು. ಹೋದೆವು. ಇಟ್ಟಿಗೆ ಗುಡ್ಡೆಗಳ ನಡುವೆ ಹುಣಸೆ ಒಂದೇ ನಿಂತಿತ್ತು. ಅದರ ಬೊಡ್ಡೆಗೆ ಕೆಂಪು ಬಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಹಾಕಿದ್ದರು.

ಸೈಟಿನ ಇಂಜಿನಿಯರ್ ಓಡಿ ಬಂದ. ಮೈಸೂರಿನ ಕಡೆಯ ಹುಡುಗ, ನನ್ನ ವಯಸ್ಸಿನವನೇ. ಕನ್ನಡ ಕೇಳಿ ಖುಷಿಯಾಗಿಬಿಟ್ಟ.

'ಬನ್ನಿ ಅಜ್ಜಿ, ನಿಮ್ ಗಿಡ ಬಂದಿದೆ ನೋಡಿ!'

ತೋರಿಸಿದ್ದು ಒಂದು ಕುಂಡ. ಸಿಮೆಂಟ್ ಚೀಲಗಳ ಪಕ್ಕದಲ್ಲಿತ್ತು. ಅದರಲ್ಲಿ ಮೊಣಕಾಲೆತ್ತರದ ಹುಣಸೆ ಸಸಿ. ನರ್ಸರಿಯ ಚೀಟಿ ಇನ್ನೂ ತೂಗುತ್ತಿತ್ತು.

'ಇದೇನ್ರಿ?' ಅಂದೆ.

'ಅಗ್ರಿಮೆಂಟಲ್ಲಿ ಇದ್ಯಲ್ಲ ಮೇಡಂ, ಹನ್ನೊಂದನೇ ಕ್ಲಾಜು. ಹುಣಸೆ ಗಿಡ ಇಡ್ಬೇಕು ಅಂತ. ನಾನೇ ಹೋಗಿ ಆರಿಸ್ಕೊಂಡ್ ಬಂದೆ. ಟೆರೇಸ್ ಮೇಲೆ ಇಟ್ರೆ ಚೆನ್ನಾಗಿರತ್ತೆ.'

'ಆ ಗಿಡ?' ಅಂತ ಆಯಿ ಬೊಡ್ಡೆಯ ಕಡೆ ಕೈ ಮಾಡಿದಳು.

'ಅದು ಮರ ಅಲ್ವ ಅಜ್ಜಿ. ಗುರುವಾರ ಕಡಿಯೋರು ಬರ್ತಾರೆ. ಕಾಗದ ಎಲ್ಲಾ ಆಗಿದೆ.'

'ಮರಾ?' ಆಯಿ ನನ್ನ ಕಡೆ ತಿರುಗಿದಳು. 'ಮರಾ ಅಂದ್ರ ಜ್ವಾಳಾ ಹಸನ ಮಾಡೂದಲ್ಲೇನ? ಈ ಹುಡುಗ ಏನಂತಾನ?'

ನಮ್ಮಲ್ಲಿ ಮೊರಕ್ಕೆ ಮರ ಅನ್ನುತ್ತಾರೆ. ಇಂಜಿನಿಯರ್ ನಕ್ಕ. ನಾನು ನಗಲಿಲ್ಲ. ಅವನ ಕನ್ನಡದಲ್ಲಿ ಗಿಡ ಬೇರೆ, ಮರ ಬೇರೆ. ಇಂಗ್ಲಿಷಿನಲ್ಲೂ ಬೇರೆ. ಅವನ ಕನ್ನಡ ಇರಲಿ, ಇಂಗ್ಲಿಷ್ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದೆ.

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಿಗುರು ಕೀಳಲು ನಿಂತಳು. ಚೀಲ ತುಂಬಿಸಿದಳು. ಹಿಂತಿರುಗುವಾಗ ದಾರಿಯಲ್ಲಿ ಕೇಳಿದಳು.

'ನೀ ಏನ ಬರದಿದ್ದಿ?'

ಹೇಳಿದೆ.

'ಕಪ್ಪು ಎಷ್ಟ ಅದಾವ ಮನ್ಯಾಗ?'

'ಹದಿನಾಲ್ಕು.'

'ತಂದು ಆ ಕುಂಡದಾಗ ಹಾಕು. ಗೊಬ್ಬರಾ ಆಗ್ಲಿ.'

ಬೈದಿದ್ದರೆ ವಾದ ಮಾಡಬಹುದಿತ್ತು. ಆ ದಿನ ಬೇಳೆಗೆ ಚಿಗುರು ಹಾಕಿದ್ದಳು. ಬಡಿಸಿದಳು, ತಾನು ಉಣ್ಣಲಿಲ್ಲ. ನಾನು ತಾಟಿನ ಮುಂದೆ ಕೂತು ನಿರ್ಧಾರ ಮಾಡಿದೆ. ಗುರುವಾರದೊಳಗೆ ಆ ಕೆಂಪು ಗುರುತು ಅಳಿಸಬೇಕು. ನನ್ನ ಶಬ್ದ ಹಾಕಿದ ಗುರುತು, ನಾನೇ ಅಳಿಸಬೇಕು.

ಸ್ಪರ್ಧೆಗೆ ತಯಾರಿ ಮಾಡುವ ಹಾಗೆ ಹಾಳೆಯ ನಡುವೆ ಗೆರೆ ಎಳೆದು ಕೂತೆ. ಎಡಕ್ಕೆ ನಮ್ಮ ವಾದ, ಬಲಕ್ಕೆ ಬಿಲ್ಡರ್ ಏನೆನ್ನುತ್ತಾನೆ ಅನ್ನುವುದು. ನಮ್ಮ ಮೇಷ್ಟರೊಬ್ಬರು, ಎದುರಿನವರ ವಾದವನ್ನು ಅವರಿಗಿಂತ ಚೆನ್ನಾಗಿ ಬರೆಯಲು ಬರದಿದ್ದರೆ ವೇದಿಕೆ ಹತ್ತಬೇಡ ಅನ್ನುತ್ತಿದ್ದರು. ಬರೆದೆ. ಎರಡು ಸಂಜೆ ಬಲಗಡೆಯೇ ಗೆಲ್ಲುತ್ತಿತ್ತು. ಮೂರನೆಯ ಸಂಜೆ, ಮಂಗಳವಾರ, ಕಲಮನ್ನು ಇಪ್ಪತ್ತನೆಯ ಸಲ ಓದುವಾಗ, 'ಪ್ಲಾಂಟ್' ಬಿಟ್ಟು ಅದರ ಅಕ್ಕಪಕ್ಕದ ಶಬ್ದಗಳನ್ನು ಮೊದಲ ಸಲ ನೋಡಿದೆ.

ಬುಧವಾರ ರಜೆ ಹಾಕಿ ಬೇಗಂಪೇಟೆಯಲ್ಲಿದ್ದ ಬಿಲ್ಡರ್ ಆಫೀಸಿಗೆ ಹೋದೆವು. ನಾನು, ಅಪ್ಪ, ಆಯಿ. ಆಯಿಯನ್ನು ಕರೆದುಕೊಂಡು ಹೋಗುವ ವಿಚಾರ ನಮಗಿರಲಿಲ್ಲ. ಇಳಕಲ್ ಸೀರೆ ಉಟ್ಟು ಆಟೋದಲ್ಲಿ ಮೊದಲೇ ಕೂತಿದ್ದಳು.

ಬಿಲ್ಡರ್ ಹಿರಿಯರು, ತೆಲುಗಿನವರು. ಆಯಿಗೆ ಎದ್ದು ನಿಂತು ನಮಸ್ಕಾರ ಮಾಡಿ, ಚಹಾ ತರಿಸಿದರು. ಇಂಜಿನಿಯರ್ ನಕ್ಷೆ ಹಿಡಿದು ಗೋಡೆಗೆ ಆತು ನಿಂತಿದ್ದ. ನಾನು ಶುರು ಮಾಡಿದೆ. ಕಲಮಿನ ಉದ್ದೇಶ ನಿಮಗೂ ಗೊತ್ತಿತ್ತು, ಆಯಿ ಯಾವ ಗಿಡದ ಬಗ್ಗೆ ಹೇಳಿದಳು ಅಂತ ನೀವೇ ಕೇಳಿಸಿಕೊಂಡಿದ್ದಿರಿ ಅಂದೆ.

'ಮೀರೇ ಕದಮ್ಮಾ ರಾಸಿಂದಿ?' ಅಂದರು ಮೆತ್ತಗೆ. ನೀವೇ ಅಲ್ಲವೇನಮ್ಮ ಬರೆದದ್ದು?

ಒಂದು ಅಂಕ ಅವರಿಗೆ. ನಾನು ತೆಲುಗಿಗೆ ಹೊರಳಿದೆ. 'ನಿಮ್ಮ ಮನೆಯಲ್ಲಿ ತುಳಸಿಗೆ ಏನಂತೀರಿ? ತುಳಸಿ ಚೆಟ್ಟು. ಹುಣಸೆಗೆ? ಚಿಂತ ಚೆಟ್ಟು. ಒಂದೇ ಶಬ್ದ. ನಮ್ಮ ಗಿಡವೂ ಅದೇ.'

ಅವರು ನಕ್ಕರು. 'ಬಾಗುಂದಿ, ಚೆನ್ನಾಗಿದೆ. ಆದರೆ ಅಗ್ರಿಮೆಂಟು ತೆಲುಗಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ.'

ಎರಡನೆಯ ಅಂಕವೂ ಅವರಿಗೆ. ಅಪ್ಪ ಸಣ್ಣಗೆ ಕೆಮ್ಮಿದರು, ಸಾಕು ಏಳೋಣ ಅನ್ನುವ ಕೆಮ್ಮು. ನಾನು ಏಳಲಿಲ್ಲ.

'ಸರಿ, ಇಂಗ್ಲಿಷಿನಲ್ಲೇ ಓದೋಣ. ಪ್ಲಾಂಟ್ ಅಂದರೆ ಸಸಿ ಅಂತಲೇ ಇಟ್ಟುಕೊಳ್ಳಿ. ನಾನು ನೆಡತಕ್ಕದ್ದು ಅಂತ ಬರೆದಿಲ್ಲ. ಕಾಪಾಡಿಕೊಂಡು ಬರತಕ್ಕದ್ದು ಅಂತ ಬರೆದಿದ್ದೇನೆ. ಇಲ್ಲದ್ದನ್ನು ಕಾಪಾಡಲು ಬರುತ್ತದೆಯೇ? ಸಹಿ ಬಿದ್ದ ದಿನದಿಂದ, ಸದಾ. ಆ ದಿನ ನಮ್ಮ ಆವರಣದಲ್ಲಿ ಹುಣಸೆ ಎಷ್ಟಿದ್ದವು? ಒಂದು. ಈ ಕುಂಡ ಬಂದದ್ದು ಯಾವಾಗ?' ಅಂತ ಇಂಜಿನಿಯರ್ ಕಡೆ ತಿರುಗಿದೆ.

'ಹೋದ್ ಶುಕ್ರವಾರ' ಅಂದ ಅವನು, ಪ್ರಾಮಾಣಿಕವಾಗಿ.

'ಹಾಗಾದರೆ ಸಹಿಯಿಂದ ಹೋದ ಶುಕ್ರವಾರದ ತನಕ ನೀವು ಯಾವ ಹುಣಸೆಯನ್ನು ಕಾಪಾಡಿದಿರಿ? ಒಂದೋ ಆ ದೊಡ್ಡದನ್ನು, ಇಲ್ಲವೇ ಯಾವುದನ್ನೂ ಇಲ್ಲ. ಯಾವುದನ್ನೂ ಇಲ್ಲ ಅಂದರೆ ಕರಾರು ನೀವು ಅಂದೇ ಮುರಿದಿರಿ. ದೊಡ್ಡದನ್ನು ಅಂದರೆ ನಾಳೆ ಅದನ್ನು ಕಡಿಯುವ ಹಾಗಿಲ್ಲ.'

ಬಿಲ್ಡರ್ ಕನ್ನಡಕ ಹಾಕಿಕೊಂಡು ಕಲಮನ್ನು ಓದಿದರು. ಮತ್ತೆ ಓದಿದರು. ಕೈಪಿಡಿ ಬರೆಯುವ ಕೆಲಸದಲ್ಲಿ ಎಲ್ಲ ಸಾಲೂ ಒಂದೇ ಅಚ್ಚಿನಲ್ಲಿರಲಿ ಅಂತ ತಲೆ ತಿಂದ ನಮ್ಮ ಮ್ಯಾನೇಜರಮ್ಮನನ್ನು ಆ ಕ್ಷಣ ಮನಸಾರೆ ನೆನೆದೆ. 'ಸಹಿ ಬಿದ್ದ ದಿನದಿಂದ' ಅನ್ನುವುದು ನನ್ನ ಬುದ್ಧಿವಂತಿಕೆಯಲ್ಲ, ಬರೀ ನಕಲು.

'ಲಾಯರ್ ಆಗಬೇಕಿತ್ತು ನೀವು' ಅಂದು ಬಿಲ್ಡರ್ ಕನ್ನಡಕ ತೆಗೆದರು. ಆಮೇಲೆ ನನ್ನ ಬಲಗಡೆಯ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಮಾತು ಹೇಳಿದರು. 'ನನಗೆ ಆ ಚೆಟ್ಟು ಅಡ್ಡ ಬರುವುದು ನಕ್ಷೆಯಲ್ಲಲ್ಲಮ್ಮ. ಜನರೇಟರ್ ಶೆಡ್ಡನ್ನು ಆ ಮೂಲೆಯಿಂದ ಈ ಮೂಲೆಗೆ ಸರಿಸಿದರಾಯಿತು. ಆದರೆ ಹಿಂದಿನ ನಾಲ್ಕು ಫ್ಲಾಟು ನನ್ನ ಪಾಲಿಗೆ. ಅವುಗಳ ಬಾಗಿಲು ತೆರೆದರೆ ಎದುರಿಗೇ ಚಿಂತ ಚೆಟ್ಟು. ನೋಡಲು ಬಂದವರು ಓಣಿಯಲ್ಲಿ ವಿಚಾರಿಸುತ್ತಾರೆ. ಓಣಿಯವರು ಹೇಳುತ್ತಾರೆ. ಬರೀ ಹುಣಸೆ ಅಂದರೆ ಹೇಗೋ ಒಪ್ಪಿಸಬಹುದು. ಇದರಲ್ಲಿ ಹೆಂಗಸೊಬ್ಬಳು ಕೂಡುತ್ತಾಳಂತೆ. ಮೂರನೆಯ ಕೊಮ್ಮೆಯ ಮೇಲೆ. ಹೆಸರು ಹಿಡಿದು ಕೂಗುತ್ತಾಳಂತೆ.'

ನಾನು ಆಯಿಯ ಕಡೆ ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆ.

ಆಯಿ ಚಹಾದ ಬಟ್ಟಲು ಕೆಳಗಿಟ್ಟಳು. 'ಅದು ಸುಳ್ಳು' ಅಂದಳು ತೆಲುಗಿನಲ್ಲಿ. 'ಅದನ್ನು ಹುಟ್ಟಿಸಿದವಳು ನಾನು. ಹುಡುಗರು ಕಾಯಿ ಕದಿಯಬಾರದು ಅಂತ.'

'ಇರಬಹುದಮ್ಮಾ' ಅಂದರು ಬಿಲ್ಡರ್, ಬಹಳ ಗೌರವದಿಂದ. 'ಆದರೆ ನನ್ನ ಮೇಸ್ತ್ರಿಯ ಹೆಂಡತಿ ಕಣ್ಣಾರೆ ನೋಡಿದ್ದಾಳೆ.'

ಇಲ್ಲದ ದೆವ್ವವನ್ನು ಇಲ್ಲ ಅಂತ ತೋರಿಸುವುದು ಹೇಗೆ? ನನ್ನ ಅರ್ಧ ಜೀವನ ಇದೇ ವಾದದಲ್ಲಿ ಕಳೆದಿದೆ, ಗೆದ್ದೂ ಇದ್ದೇನೆ, ತೀರ್ಪುಗಾರರ ಮುಂದೆ. ಮನೆ ಕೊಳ್ಳಲು ಬಂದವರು ತೀರ್ಪುಗಾರರಲ್ಲ. ಅವರು ತಮ್ಮ ಹೆಂಡತಿ ಮಕ್ಕಳನ್ನು ಆ ಬಾಗಿಲಿಗೆ ತರಬೇಕು. ಕಲಮು ಗೆದ್ದಿದ್ದೆ, ಆದರೆ ಗಿಡ ಇನ್ನೂ ಉಳಿದಿರಲಿಲ್ಲ. ಕೋರ್ಟಿಗೆ ಹೋದರೆ ತೀರ್ಪು ಬರುವಷ್ಟರಲ್ಲಿ ಗುರುವಾರ ಎಷ್ಟೋ ಬಂದು ಹೋಗುತ್ತವೆ.

'ಆ ನಾಲ್ಕು ಫ್ಲಾಟು ನಾವ ತಗೋತೀವಿ' ಅಂದಳು ಆಯಿ, ಕನ್ನಡದಲ್ಲಿ.

ಅಪ್ಪ ಬೆಚ್ಚಿದರು. 'ಅವ್ವಾ!'

'ಮುಂದಿನ್ವು ಅವರಿಗೆ ಕೊಡು.'

'ಅವ್ವಾ, ರೋಡಿನ ಕಡೀವು ಅವು. ನಾ ರಿಟೈರ್ ಆದಮ್ಯಾಲ ಬಾಡಿಗೀ ಬರ್ಬೇಕಲ್ಲ. ಹಿಂದಿನ್ವಕ್ಕ ಯಾರ ಬರ್ತಾರ?'

ಆಯಿ ಅಪ್ಪನನ್ನಲ್ಲ, ನನ್ನನ್ನು ನೋಡಿದಳು. ಆ ನೋಟದ ಅರ್ಥ ನನಗೆ ಗೊತ್ತಾಯಿತು. ದೆವ್ವ ಅವಳದು, ಅದರ ದಂಡ ಅವಳು ಕೊಟ್ಟಿದ್ದಳು. ಶಬ್ದ ನನ್ನದು. ಮೂರನೆಯ ಮಹಡಿಯ ಮೂಲೆಯ ಕೋಣೆ, ಎರಡು ಕಡೆ ಕಿಟಕಿ, ಕೆಳಗೆ ರೋಡಿನ ಸದ್ದು, ಅಲ್ಲಿಡಬೇಕೆಂದಿದ್ದ ಮೇಜು, ಎಲ್ಲ ಒಮ್ಮೆ ಕಣ್ಣ ಮುಂದೆ ಬಂತು.

'ಅಪ್ಪಾ, ಆಯಿ ಹೇಳೂದು ಬರೋಬರಿ ಐತಿ' ಅಂದೆ. 'ಬಾಡಿಗೀ ಜನಾನ ನಾ ತರ್ತೀನಿ. ನನ್ನ ಆಫೀಸಿನ್ಯಾಗ ಬೆಂಗಳೂರಿನ್ವರು, ಮಂಗಳೂರಿನ್ವರು ರೂಮ್ ಸಿಗಲಾರದ ಒದ್ದಾಡಾಕತ್ತಾರ. ಅವರಿಗೆ ಈ ದೆವ್ವದ ಭಾಷಾನ ಬರಂಗಿಲ್ಲ.'

ಅಪ್ಪ ಆಯಿಯ ಕಡೆ ಬಾಗಿ, ಬಿಲ್ಡರಿಗೆ ಕೇಳಿಸದ ಹಾಗೆ ಕೇಳಿದರು.

'ಅಲ್ಲವ್ವಾ, ಖರೇನ ಇಲ್ಲ ಹೌದಿಲ್ಲೊ ಅದು?'

'ಐವತ್ತ ದಾಟೀದಿ' ಅಂದಳು ಆಯಿ. 'ಇನ್ನೂ ನೀ ಕಾಯಿ ಕದೀತೀಯೇನ?'

ಇಂಜಿನಿಯರ್ ಬಾಯಿಗೆ ನಕ್ಷೆ ಅಡ್ಡ ಹಿಡಿದುಕೊಂಡ. ಅಪ್ಪ ಸಹಿ ಹಾಕಲು ಪೆನ್ನು ಕೇಳಿದರು.

ತಿದ್ದುಪಡಿಯ ಕಾಗದ ಅಲ್ಲೇ ಬರೆಯಬೇಕು ಅಂತ ನಾನು ಪಟ್ಟು ಹಿಡಿದೆ. ಈ ಸಲ ಪ್ಲಾಂಟ್ ಇಲ್ಲ, ಟ್ರೀ. ಆಯಿಗೆ ಅದೂ ಸಾಲಲಿಲ್ಲ. 'ಶಬ್ದದ ಮ್ಯಾಲ ನನಗ ನಂಬಿಗಿ ಇಲ್ಲವಾ. ಅಳತೀ ಬರಿ' ಅಂದಳು. ಹಾಗಾಗಿ ಎಲ್ಲರೂ ಬಿಲ್ಡರ್ ಕಾರಿನಲ್ಲಿ ಬಾಲಾನಗರಕ್ಕೆ ಬಂದೆವು. ಎದೆಮಟ್ಟದಲ್ಲಿ ಬೊಡ್ಡೆಯ ಸುತ್ತ ಟೇಪು ಹಿಡಿದೆವು, ಒಂದು ತುದಿ ನಾನು, ಇನ್ನೊಂದು ತುದಿ ಇಂಜಿನಿಯರ್. ಆಯಿ ಟೇಪು ಸಡಿಲ ಇದೆಯೋ ಅಂತ ಬೆರಳು ತೂರಿಸಿ ನೋಡಿ, 'ಬಿಗಿ ಹಿಡಿ ತಮ್ಮಾ, ಅದಕ್ಕೇನೂ ನೋವಾಗೂದಿಲ್ಲ' ಅಂದಳು. ಸುತ್ತಳತೆ ಆರು ಅಡಿ ಎರಡು ಇಂಚು. ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದೆ. ಸಹಿಗಳಾದವು. ಕೆಂಪು ಗುರುತನ್ನು ಇಂಜಿನಿಯರ್ ಸೀಮೆಎಣ್ಣೆ ಹಚ್ಚಿ ತಾನೇ ಒರೆಸಿದ.

ಗಿಡ ಪೂರ್ತಿ ಉಳಿಯಿತು ಅಂತ ಹೇಳಲಾರೆ. ಗೋಡೆ ಏಳುವ ಕಡೆಯ ಮೂರು ದೊಡ್ಡ ಕೊಂಬೆ ಕಡಿಯಲೇಬೇಕಾಯಿತು. ಮೂರನೆಯ ಟೊಂಗೆಯೂ ಅದರಲ್ಲಿ ಹೋಯಿತು. ಕಡಿಯುವ ದಿನ ಆಯಿ ಕುರ್ಚಿ ಹಾಕಿಸಿಕೊಂಡು ಎದುರಿಗೆ ಕೂತು, ಕೊಯ್ತ ಓರೆಯಾಗಿರಲಿ, ನೀರು ನಿಲ್ಲಬಾರದು ಅಂತ ಹೇಳಿ ಹೇಳಿ ಮಾಡಿಸಿದಳು. ಕೊಯ್ದ ಜಾಗಕ್ಕೆ ಸಗಣಿ ಮಣ್ಣು ಕಲಸಿ ಮೆತ್ತಿಸಿದಳು. ಬುಡದ ಸುತ್ತ ನಾಲ್ಕು ಮೊಳ ಸಿಮೆಂಟ್ ಹಾಕಕೂಡದು ಅಂದಳು, ಹಾಕಲಿಲ್ಲ. ಮುಂದಿನ ವರ್ಷ ಕಾಯಿ ಬಿಡಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. 'ಸಿಟ್ಟ ಬಂದೈತಿ' ಅಂದಳು ಆಯಿ. ಸಿಟ್ಟಲ್ಲ, ಕೊಂಬೆ ಕಡಿದರೆ ಗಿಡ ಮೊದಲು ಎಲೆ ಬೆಳೆಸಿಕೊಳ್ಳುತ್ತದೆ ಅಂತ ನಾನು ವಾದಿಸಿದೆ. 'ಅದಕ್ಕ ಸಿಟ್ಟು ಅಂತಾರ' ಅಂದಳು.

ಬಾಡಿಗೆಯವರನ್ನು ತರುವ ಮಾತು ಕೊಟ್ಟಿದ್ದೆನಲ್ಲ. ಆರು ತಿಂಗಳು ಎರಡು ಫ್ಲಾಟು ಖಾಲಿ ಬಿದ್ದಿದ್ದವು, ಅಪ್ಪ ನನ್ನೊಡನೆ ಮಾತು ಕಡಿಮೆ ಮಾಡಿದ್ದರು. ಮೊದಲು ಬಂದವನು ಇಂಜಿನಿಯರನೇ. ಆ ಸಸಿಯ ಕುಂಡ ಅವನ ಬಾಲ್ಕನಿಯಲ್ಲಿದೆ. ಆಯಿ ಅದಕ್ಕೆ ನೀರು ಹಾಕಬೇಡ ಅಂತ ಮೇಲಿಂದ ಕೂಗುತ್ತಾಳೆ, ಅವನು ಹಾಕುತ್ತಾನೆ. ಆಮೇಲೆ ನನ್ನ ಆಫೀಸಿನ ಉಡುಪಿಯ ಹುಡುಗಿಯರು ಮೂವರು ಬಂದರು. ಓಣಿಯವರು ಅವರಿಗೆ ತೆಲುಗಿನಲ್ಲಿ ಎಲ್ಲ ಹೇಳಿದ್ದಾರಂತೆ. ಅವರಿಗೆ ಅರ್ಥವಾಗಿಲ್ಲ.

ಮೂರನೆಯ ವರ್ಷ ಕಾಯಿ ಬಂತು. ಈಗ ನಮ್ಮ ಅಡಿಗೆಮನೆಯ ಕಿಟಕಿಯಿಂದಲೇ ಕೈಗೆ ಸಿಗುತ್ತದೆ. ಆಯಿ ಕಿಟಕಿಯಲ್ಲಿ ನಿಂತು ಕಾಯನ್ನು ತಟ್ಟಿ ಸಪ್ಪಳ ಕೇಳುತ್ತಾಳೆ. ಹೋದ ವಾರ ಅವಳು ಟೇಪು ತರಿಸಿದಳು. ಇಂಜಿನಿಯರನ್ನು ಕರೆದು, ಅದೇ ಎದೆಮಟ್ಟದಲ್ಲಿ ಅಳೆದೆವು. ಆರು ಅಡಿ ಐದು ಇಂಚು.

'ಹಂಗಂದ್ರ ಕಾಗದದಾಗ ಇರೂದು ಈ ಗಿಡ ಅಲ್ಲ' ಅಂದಳು ಆಯಿ. 'ನಾಳಿಗೆ ಯಾರರ ವಾದಕ್ಕ ನಿಂತ್ರ?'

ಯಾರೂ ನಿಲ್ಲುವುದಿಲ್ಲ ಅಂತ ಹೇಳಲು ಬಾಯಿ ತೆರೆದೆ. ಅದೇ ಕಲಮಿಗೆ ನಾನೇ ನಿಂತಿದ್ದು ನೆನಪಾಯಿತು. ಬಿಲ್ಡರಿಗೆ ಫೋನು ಮಾಡಿ, ಭಾನುವಾರ ಸಹಿಗೆ ಬರಲು ಹೇಳಿದ್ದೇನೆ. ಈ ಸಲ 'ಅಳತೆ ಇದಕ್ಕಿಂತ ಕಡಿಮೆಯಾಗಕೂಡದು' ಅಂತ ಬರೆಯುತ್ತಿದ್ದೇನೆ.